ಬಲ್ಬು ಆರಿಸಿದ್ದಾಯಿತು, ಬಚ್ಚಲಮನೆ ಕಥೆ ಏನು?

ಹಜಾರದ ಬಲ್ಬು ರಾತ್ರಿಯಿಡೀ ಉರಿದಿದೆ. ಓದುತ್ತ ಕೂತಿದ್ದ ಮಗ ಹಾಗೇ ನಿದ್ದೆಹೋಗಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಸುಪ್ರಭಾತ: ‘ಲೈಟ್ ಆಫ್ ಮಾಡೋಕೆ ಏನಾಗಿತ್ತೋ ನಿಂಗೆ? ಬಿಲ್ಲು ಕಟ್ಟೋನು ನಾನು ತಾನೆ!’ ಬೈದು ಮುಗಿಸಿ, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಗೀಸರಿನಿಂದ ಎರಡು ಬಕೆಟ್ ಬಿಸಿನೀರು ಹಿಡಿದುಕೊಂಡು ಅಪ್ಪ ನೆಮ್ಮದಿಯಾಗಿ ಸ್ನಾನ ಮುಗಿಸುತ್ತಾನೆ.

ಇಬ್ಬರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸಾವಿರ ವ್ಯಾಟಿನ ಯಾವುದೇ ವಸ್ತು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಮಗ ಬಿಟ್ಟು ಮಲಗಿದ್ದು 9 ವ್ಯಾಟಿನ ಎಲ್‌ಇಡಿ ಬಲ್ಬು. ಎಂಟು ಗಂಟೆ ಉರಿದರೆ 72 ವ್ಯಾಟ್‌–ಗಂಟೆ, ಅಂದರೆ ಒಂದು ಯೂನಿಟ್ಟಿನ ಹದಿನಾಲ್ಕನೇ ಒಂದು ಪಾಲು. ದುಡ್ಡಿನ ಲೆಕ್ಕದಲ್ಲಿ ಐವತ್ತು ಪೈಸೆಯೂ ಇಲ್ಲ. ಅಪ್ಪನದು 40 ಲೀಟರ್ ನೀರು. ಟ್ಯಾಂಕಿನಿಂದ 22 ಡಿಗ್ರಿಯಲ್ಲಿ ಬರುವ ಅಷ್ಟೂ ನೀರು ಮೈಗೆ ಹಿತವಾಗುವ 42 ಡಿಗ್ರಿಗೆ ಏರಲು ಸುಮಾರು 0.93 ಯೂನಿಟ್ ಬೇಕು. ಆರು ರೂಪಾಯಿಗೂ ಮೇಲೆ. ಮಗ ಹನ್ನೆರಡು–ಹದಿಮೂರು ರಾತ್ರಿ ಬಲ್ಬು ಉರಿಸಿದರೆ ಅಪ್ಪನ ಒಂದು ಸ್ನಾನಕ್ಕೆ ಸರಿಹೋಗುತ್ತದೆ.

ಹಾಗಂತ ಅಪ್ಪನನ್ನು ಪೂರ್ತಿ ತಪ್ಪು ಎನ್ನುವಂತಿಲ್ಲ. ಅವನು ಕಲಿತ ಪಾಠ ಅವನ ಕಾಲಕ್ಕೆ ಸರಿಯಾಗಿಯೇ ಇತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂದಾಗ ಅದರಿಂದ ಬೆಳಗಿದ್ದು ಬೀದಿದೀಪ. ಅಲ್ಲಿಂದ ಮುಂದೆ ದಶಕಗಟ್ಟಲೆ ಮನೆಗಳ ಪಾಲಿಗೆ ಕರೆಂಟು ಎಂದರೆ ಬೆಳಕು, ಹೆಚ್ಚೆಂದರೆ ಒಂದು ಫ್ಯಾನು, ಒಂದು ರೇಡಿಯೊ. ಬಡವರ ಮನೆಗೆ ಸರ್ಕಾರ ‘ಭಾಗ್ಯಜ್ಯೋತಿ’ ಕೊಟ್ಟಾಗಲೂ ಕೊಟ್ಟದ್ದು ಒಂದು ಬಲ್ಬು. ಅಡುಗೆಮನೆ, ಹಜಾರ, ಕೋಣೆ ಸೇರಿ 60 ವ್ಯಾಟಿನ ಮೂರು ಗಾಜಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 27 ಯೂನಿಟ್. ಒಟ್ಟು ಬಿಲ್ಲೇ ನಲವತ್ತು–ಐವತ್ತು ಯೂನಿಟ್ಟಿನದಾಗಿದ್ದ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕಿನದೇ. ಆಗ ಸ್ವಿಚ್ಚು ಆರಿಸಿದವನು ನಿಜಕ್ಕೂ ದುಡ್ಡು ಉಳಿಸುತ್ತಿದ್ದ.

ಆ ಲೆಕ್ಕ ತಲೆಕೆಳಗಾದದ್ದು 2015ರ ಸುಮಾರಿಗೆ. ಕೇಂದ್ರದ ‘ಉಜಾಲಾ’ ಯೋಜನೆಯಲ್ಲಿ, ನಮ್ಮಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ, ಎಲ್‌ಇಡಿ ಬಲ್ಬುಗಳನ್ನು ಬಿಲ್ ಕೌಂಟರುಗಳ ಬಳಿಯೇ ಇಟ್ಟು ಮಾರಿದರು. ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾಯಿತು. ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಬಲ್ಬಿನ ಸಗಟು ಬೆಲೆ ಎರಡೇ ವರ್ಷದಲ್ಲಿ ನಲವತ್ತರೊಳಗೆ ಬಂತು. 60 ವ್ಯಾಟಿನ ಕೆಲಸವನ್ನು 9 ವ್ಯಾಟ್ ಮಾಡತೊಡಗಿತು. ಮನೆಯಲ್ಲಿ ಇನ್ನೂ ಹಳೇ ಪಟ್ಟಿಯ ಟ್ಯೂಬ್‌ಲೈಟು, ಅದರ ತಲೆಯ ಮೇಲೆ ಗುಂಯ್‌ಗುಡುವ ಚೋಕ್ ಇದ್ದರೆ ಅದನ್ನು ಬದಲಾಯಿಸಿ. ಐವತ್ತು ವ್ಯಾಟ್ ಎಳೆಯುವ ಜಾಗದಲ್ಲಿ ಇಪ್ಪತ್ತರ ಎಲ್‌ಇಡಿ ಪಟ್ಟಿ ಸಾಕು. ಬೆಳಕಿನ ವಿಷಯದಲ್ಲಿ ಮಾಡಬೇಕಾದದ್ದು ಅಷ್ಟೇ. ಬಿಲ್ಲನ್ನು ಬೆಳೆಸುವುದು ಬೇರೆ ಮೂರು: ಬಿಸಿ, ತಂಪು ಮತ್ತು ಹೊತ್ತು. ನೀರನ್ನು ಬಿಸಿ ಮಾಡುವುದು, ಕೋಣೆಯನ್ನೋ ಪೆಟ್ಟಿಗೆಯನ್ನೋ ತಂಪು ಮಾಡುವುದು, ಮತ್ತೆ ಸಣ್ಣದೇ ಆದರೂ ಇಪ್ಪತ್ತನಾಲ್ಕು ಗಂಟೆ ಉಸಿರಾಡಿಕೊಂಡಿರುವ ವಸ್ತುಗಳು.

ಗದ್ದಲ ಮಾಡುವುದೆಲ್ಲ ಕರೆಂಟು ತಿನ್ನುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಿಕ್ಸಿ ಹಾಕಿದಾಗ ಇಡೀ ಬೀದಿಗೆ ಕೇಳಿಸುತ್ತದೆ. ಆದರೆ 750 ವ್ಯಾಟಿನ ಮಿಕ್ಸಿ ಐದು ನಿಮಿಷ ತಿರುಗಿ ಚಟ್ನಿ ರುಬ್ಬಿದರೆ ಖರ್ಚು ನಲವತ್ತು ಪೈಸೆ. ದೋಸೆಹಿಟ್ಟು ರುಬ್ಬುವ ಗ್ರೈಂಡರು ಮುಕ್ಕಾಲು ಗಂಟೆ ಗುಡುಗಿದರೂ ಒಂದು ರೂಪಾಯಿ ದಾಟುವುದಿಲ್ಲ. ‘ಕರೆಂಟ್ ಖರ್ಚು’ ಅಂತ ಅಂಗಡಿಯ ಹಿಟ್ಟಿನ ಪ್ಯಾಕೆಟ್ಟು ತರುವವರು ಬೇರೆ ಕಾರಣ ಹುಡುಕಿಕೊಳ್ಳಬೇಕು.

ಎಂಟುನೂರ ಅರವತ್ತು ಕಿಲೋಕ್ಯಾಲರಿ

ಬೆಂಗಳೂರು, ಮೈಸೂರು, ಹಾಸನದಂಥ ಊರುಗಳಲ್ಲಿ ಬಿಲ್ಲಿನ ಯಜಮಾನ ಗೀಸರು. ಒಂದು ಯೂನಿಟ್ ಕರೆಂಟಿನಿಂದ ಸಿಗುವ ಶಾಖ 860 ಕಿಲೋಕ್ಯಾಲರಿ. ಅದರಿಂದ 43 ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಏರಿಸಬಹುದು. ಒಂದು ಚೊಂಬೂ ಹೆಚ್ಚಿಲ್ಲ. ಕಾಯಿಲ್ಲಿನಿಂದ ನೀರು ಕಾಯಿಸುವ ಯಾವ ಕಂಪನಿಯ, ಎಷ್ಟೇ ಸ್ಟಾರಿನ ಗೀಸರೂ ಇದನ್ನು ಮೀರಲಾರದು. ಪುಟ್ಟ ಇನ್‌ಸ್ಟಂಟ್ ಗೀಸರು ಹಾಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು 3,000 ವ್ಯಾಟ್ ಎಳೆದು ಬೇಗ ಕಾಯಿಸುತ್ತದೆ, 2,000 ವ್ಯಾಟಿನದು ನಿಧಾನವಾಗಿ ಕಾಯಿಸುತ್ತದೆ. ಒಂದು ಬಕೆಟ್ ನೀರಿಗೆ ತಗಲುವ ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ಇನ್‌ಸ್ಟಂಟಿನಿಂದ ಉಳಿಯುವುದು ಒಂದೇ: ಕಾಯಿಸಿಟ್ಟ ನೀರು ಟ್ಯಾಂಕಿನಲ್ಲೇ ಆರುತ್ತಾ ಕೂರುವ ನಷ್ಟ.

ಆ ನಷ್ಟ ಸಣ್ಣದಲ್ಲ, ಆದರೆ ಅದು ಗೀಸರಿನ ತಪ್ಪಿಗಿಂತ ಸ್ವಿಚ್ಚಿನ ತಪ್ಪು. ಬಚ್ಚಲಮನೆಯ ಹೊರಗೆ ಕೆಂಪು ದೀಪವಿರುವ ಆ ದಪ್ಪ ಸ್ವಿಚ್ಚನ್ನು ಬೆಳಿಗ್ಗೆ ಆರಕ್ಕೆ ಹಾಕಿ ಹತ್ತಕ್ಕೆ ಆರಿಸುವ ಮನೆಗಳಿವೆ, ಆರಿಸದೇ ಇರುವ ಮನೆಗಳೂ ಇವೆ. ನೀರು ಕಾದ ಮೇಲೆ ಥರ್ಮೋಸ್ಟಾಟು ತಾನೇ ಕರೆಂಟು ಕಡಿದುಕೊಳ್ಳುತ್ತದೆ ನಿಜ. ಆದರೆ ಟ್ಯಾಂಕು ಸ್ವಲ್ಪ ತಣ್ಣಗಾದ ಕೂಡಲೇ ಮತ್ತೆ ಎಳೆದುಕೊಳ್ಳುತ್ತದೆ. ಹೀಗೆ ದಿನವಿಡೀ ಯಾರೂ ಮೀಯದ ನೀರನ್ನು ಬೆಚ್ಚಗೆ ಕಾಯ್ದುಕೊಳ್ಳಲು ಅರ್ಧದಿಂದ ಒಂದು ಯೂನಿಟ್ ಹೋಗುತ್ತದೆ. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿಕೊಂಡರೆ ಈ ಬಾಬತ್ತು ಹೆಚ್ಚುಕಡಿಮೆ ಸೊನ್ನೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದು ಆಗಹೋಗುವ ಮಾತಲ್ಲ ಎಂಬುದೂ ಗೊತ್ತು.

ಉಳಿತಾಯದ ನಿಜವಾದ ಜಾಗ ನೀರಿನ ಅಳತೆ. ನಮ್ಮ ಬಕೆಟ್ಟು–ಚೊಂಬಿನ ಸ್ನಾನ ಹದಿನೆಂಟು–ಇಪ್ಪತ್ತು ಲೀಟರಿನಲ್ಲಿ ಮುಗಿಯುತ್ತದೆ. ಷವರು ನಿಮಿಷಕ್ಕೆ ಎಂಟು–ಹತ್ತು ಲೀಟರ್ ಸುರಿಯುತ್ತದೆ; ಐದು ನಿಮಿಷ ಅದರಡಿ ನಿಂತರೆ ಎರಡು ಬಕೆಟ್ ದಾಟಿತು. ನಾಲ್ಕು ಮಂದಿಯ ಮನೆಯಲ್ಲಿ ಎಲ್ಲರೂ ಒಂದೊಂದು ಬಕೆಟ್ಟಿನಲ್ಲಿ ಮುಗಿಸಿದರೆ ತಿಂಗಳಿಗೆ ಐವತ್ತು–ಐವತ್ತೈದು ಯೂನಿಟ್. ಎಲ್ಲರೂ ಷವರಿಗೆ ಹೋದರೆ ನೂರು ದಾಟಿ ಮುಂದೆ. ಅಜ್ಜಿಯ ಕಾಲದ ಚೊಂಬು ಇಷ್ಟು ದೊಡ್ಡ ಇಂಧನ ಉಳಿತಾಯದ ಸಾಧನ ಎಂದು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ, ಅದರಲ್ಲಿ ಮಾರುವಂಥದ್ದೇನೂ ಇಲ್ಲ.

ಮಲೆನಾಡು, ಕರಾವಳಿಯ ಹಳ್ಳಿಮನೆಗಳಲ್ಲಿ ಈ ಸಮಸ್ಯೆಯೇ ಹುಟ್ಟುವುದಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ, ಒಲೆಗೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಸೋಗೆ. ಹೊಗೆ ಉಂಟು, ಬಿಲ್ಲಿಲ್ಲ. ಎಂಟು ಜನರಿರುವ ತೋಟದ ಮನೆಯ ಬಿಲ್ಲು ಬೆಂಗಳೂರಿನ ಇಬ್ಬರ ಫ್ಲ್ಯಾಟಿಗಿಂತ ಕಡಿಮೆ ಬರುವುದರ ಗುಟ್ಟು ಬಹುಮಟ್ಟಿಗೆ ಈ ಹಂಡೆಯೇ.

ಬಯಲುಸೀಮೆಯ ಊರುಗಳಲ್ಲಿ ಹಂಡೆಯ ಜಾಗಕ್ಕೆ ಬಂದದ್ದು ಸೋಲಾರ್. ಬೆಂಗಳೂರಿನ ತಾರಸಿಗಳನ್ನು ಮೇಲಿನಿಂದ ನೋಡಿದರೆ ಸಿಂಟೆಕ್ಸು, ಒಣಹಾಕಿದ ಬಟ್ಟೆ, ಸೋಲಾರು ಮೂರೇ ಕಾಣುತ್ತವೆ. ಹೊಸ ಮನೆ ಕಟ್ಟುವವರಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ರಾಜ್ಯ ನಮ್ಮದು, ಅದರಿಂದ ಒಳ್ಳೆಯದೇ ಆಗಿದೆ. ಆದರೆ ಸೋಲಾರ್ ಇರುವ ಮನೆಯಲ್ಲೂ ಮಳೆಗಾಲದಲ್ಲಿ ಬಿಲ್ಲು ಏಕೆ ದಿಢೀರನೆ ಏರುತ್ತದೆ ಎಂದು ಕೇಳುವವರಿದ್ದಾರೆ. ಉತ್ತರ ತಾರಸಿಯ ಟ್ಯಾಂಕಿನೊಳಗೇ ಇದೆ. ಮೋಡದ ದಿನಕ್ಕೆಂದು ಅದರೊಳಗೆ ಒಂದು ಕರೆಂಟಿನ ಕಾಯಿಲ್ ಕೂರಿಸಿರುತ್ತಾರೆ. ಆಷಾಢದಲ್ಲಿ ಅದನ್ನು ಹಾಕಿದರೆ ಅದು ನಿಮಗೆ ಬೇಕಾದ ಎರಡು ಬಕೆಟ್ ಕಾಯಿಸಿ ಸುಮ್ಮನಾಗುವುದಿಲ್ಲ. ಟ್ಯಾಂಕಿನ ಅಷ್ಟೂ 200 ಲೀಟರನ್ನು ಕಾಯಿಸುತ್ತದೆ. ಇಪ್ಪತ್ತೈದು ಡಿಗ್ರಿ ಏರಿಸಲು ಸುಮಾರು 5.8 ಯೂನಿಟ್, ಹತ್ತಿರ ಹತ್ತಿರ ನಲವತ್ತು ರೂಪಾಯಿ, ದಿನಕ್ಕೆ! ಸೋಲಾರ್ ಇರುವ ಮನೆಯ ಬಚ್ಚಲಿನಲ್ಲಿ ಮಳೆಗಾಲಕ್ಕೆಂದೇ ಒಂದು ಸಣ್ಣ ಗೀಸರು ಇಟ್ಟುಕೊಂಡು, ತಾರಸಿಯ ಕಾಯಿಲಿನ ಸ್ವಿಚ್ಚಿಗೆ ಟೇಪು ಸುತ್ತಿಬಿಡುವುದು ಲಾಭ. ಕೆಳಮಹಡಿಯ ನಲ್ಲಿಗೆ ಬಿಸಿನೀರು ಬರುವ ಮುಂಚೆ ಪೈಪಿನಲ್ಲಿ ನಿಂತ ಐದಾರು ಲೀಟರ್ ತಣ್ಣೀರು ಬರುತ್ತದಲ್ಲ, ಅದನ್ನು ಮೋರಿಗೆ ಬಿಡದೆ ಇನ್ನೊಂದು ಬಕೆಟ್ಟಿಗೆ ಹಿಡಿದರೆ ಬಟ್ಟೆ ನೆನೆಹಾಕಲು ಆಯಿತು. ಸಂಪಿನಿಂದ ನೀರು ಮೇಲೆತ್ತುವ ಮೋಟಾರಿನ ಕೆಲಸವೂ ಅಷ್ಟು ಕಡಿಮೆ.

ಬಟ್ಟೆಯ ಮಾತು ಬಂತು. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿನೊಳಗೂ ಒಂದು ಹೀಟರು ಅಡಗಿದೆ. 60 ಡಿಗ್ರಿಯ ಗುಂಡಿ ಒತ್ತಿದರೆ ಒಂದು ಒಗೆತಕ್ಕೆ ಒಂದು ಯೂನಿಟ್ ಆಸುಪಾಸು, ತಣ್ಣೀರಿನಲ್ಲಾದರೆ ಅದರ ಐದನೇ ಒಂದು ಪಾಲೂ ಬೇಡ. ಮೋಟಾರು ತಿರುಗಲು ಹೆಚ್ಚು ಕರೆಂಟು ಬೇಕಿಲ್ಲ, ಇಲ್ಲೂ ತಿನ್ನುವುದು ಬಿಸಿಯೇ.

ಸುಮ್ಮನೆ ತಿರುಗುವವು, ಸುಮ್ಮನೆ ನಿಂತಿರುವವು

ಮಂಗಳೂರು, ಕಾರವಾರದಲ್ಲಿ ಬೆವರು. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು. ಅಲ್ಲಿ ಗೀಸರಿನ ಜಾಗದಲ್ಲಿ ಫ್ಯಾನು. ಮಾಮೂಲಿ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಹದಿನೈದು ಗಂಟೆ ತಿರುಗಿದರೆ ಒಂದೊಂದು ಫ್ಯಾನಿಗೂ ತಿಂಗಳಿಗೆ 34 ಯೂನಿಟ್. ಮೂರು ಫ್ಯಾನಿದ್ದರೆ ನೂರು! ಈಚೆಗೆ ಬಂದಿರುವ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನುಗಳು ಅಷ್ಟೇ ಗಾಳಿಯನ್ನು ಮೂವತ್ತು ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತವೆ. ಬೆಲೆ ಸಾವಿರ–ಸಾವಿರದೈನೂರು ಜಾಸ್ತಿ. ಹದಿನೈದು ಗಂಟೆ ತಿರುಗುವ ಫ್ಯಾನಾದರೆ ಒಂದು ವರ್ಷದೊಳಗೇ ಆ ದುಡ್ಡು ವಾಪಸು ಬರುತ್ತದೆ. ದೇವರಕೋಣೆಯಲ್ಲೋ, ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಯಲ್ಲೋ ಇರುವ ಫ್ಯಾನನ್ನು ಬದಲಾಯಿಸುವುದು ದುಡ್ಡು ದಂಡ. 2023ರ ಜನವರಿಯಿಂದ ಫ್ಯಾನುಗಳಿಗೂ ಸ್ಟಾರ್ ಚೀಟಿ ಕಡ್ಡಾಯವಾಗಿದೆ, ಕೊಳ್ಳುವಾಗ ಚೀಟಿಯ ವ್ಯಾಟು ನೋಡಿ. ಗೋಡೆಯ ಮೇಲೆ ಮರದ ಹಲಗೆಗೆ ಕೂರಿಸಿದ, ಮುಟ್ಟಿದರೆ ಬೆಚ್ಚಗಿರುವ ಹಳೇ ಡಬ್ಬಿ ರೆಗ್ಯುಲೇಟರ್ ಇನ್ನೂ ಇದ್ದರೆ, ಆ ಬೆಚ್ಚಗಿನ ಡಬ್ಬಿಗೂ ನೀವು ಬಿಲ್ಲು ಕಟ್ಟುತ್ತಿದ್ದೀರಿ.

ಫ್ರಿಜ್ಜಿನದು ಬೇರೆ ಸ್ವಭಾವ. ಅದು ದಿನವಿಡೀ ಚಾಲೂ ಇದ್ದರೂ ಕಂಪ್ರೆಸರು ಬಿಟ್ಟುಬಿಟ್ಟು ಓಡುತ್ತದೆ. ಬಾಗಿಲ ಮೇಲಿನ ಬಿಇಇ (ಇಂಧನ ದಕ್ಷತಾ ಬ್ಯೂರೊ) ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳ ಲೆಕ್ಕ. ಅದರ ಜತೆ ಒಂದು ಇಸವಿಯೂ ಇರುತ್ತದೆ. ಸ್ಟಾರಿನ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತ ಬಂದಿದ್ದಾರೆ, ಹಾಗಾಗಿ ಹತ್ತು ವರ್ಷದ ಹಿಂದಿನ ಐದು ಸ್ಟಾರು ಇಂದಿನ ಐದು ಸ್ಟಾರಲ್ಲ. ಹೊಸದು ಬಂದ ಮೇಲೆ ಹಳೆಯ ಫ್ರಿಜ್ಜನ್ನು ಹಿತ್ತಲ ಕೋಣೆಗೆ ಸಾಗಿಸಿ ಹಿಟ್ಟು, ಹೂವು ಇಡಲು ಓಡಿಸುವ ಮನೆಗಳು ಎರಡು ಸಂಸಾರಕ್ಕೆ ಬಿಲ್ಲು ಕಟ್ಟಿದ ಹಾಗೆ. ಬಾಗಿಲಿನ ರಬ್ಬರು ಸಡಿಲವಾಗಿದೆಯೋ ನೋಡಲು ಒಂದು ಹತ್ತು ರೂಪಾಯಿ ನೋಟನ್ನು ನಡುವೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಒಳಗಿನ ತಂಪೂ ಹಾಗೇ ಜಾರುತ್ತಿದೆ. ಹಬೆಯಾಡುವ ಸಾರಿನ ಪಾತ್ರೆ ಇಡಬಾರದು, ಹಿಂದಿನ ಗೋಡೆಗೆ ಅಂಟಿಸಿ ನಿಲ್ಲಿಸಬಾರದು. ಇದನ್ನೆಲ್ಲ ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ.

ಏಸಿಯ ಬಗ್ಗೆ ಎರಡೇ ಮಾತು. 2020ರ ಜನವರಿಯಿಂದ ಸ್ಟಾರ್ ಚೀಟಿಯ ಏಸಿಗಳು ತಾವಾಗಿ 24 ಡಿಗ್ರಿಗೆ ಶುರುವಾಗುವಂತೆ ನಿಯಮವಿದೆ. ಒಂದೊಂದು ಡಿಗ್ರಿ ಮೇಲಕ್ಕೆ ಇಟ್ಟರೂ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಬಿಇಇ ಹೇಳುವ ಲೆಕ್ಕ. ಹದಿನೆಂಟಕ್ಕೆ ಇಟ್ಟು ರಗ್ಗು ಹೊದ್ದು ಮಲಗುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

ಮೀಟರಿನ ಕೆಂಪು ಚುಕ್ಕೆ

ಇಷ್ಟೂ ಅಂದಾಜುಗಳು. ನಿಮ್ಮ ಮನೆಯ ನಿಜ ಗೊತ್ತಾಗಬೇಕಾದರೆ ಗೇಟಿನ ಬಳಿಯ ಮೀಟರ್ ಪೆಟ್ಟಿಗೆಯ ಮುಂದೆ ಕಾಲು ಗಂಟೆ ನಿಲ್ಲಬೇಕು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಮಿನುಗುತ್ತಿರುತ್ತದೆ. ಮೀಟರ್ ರೀಡರು ಅದನ್ನು ನೋಡುವುದಿಲ್ಲ, ನಾವೂ ನೋಡುವುದಿಲ್ಲ. ಅದರ ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚು ಹಾಕಿರುತ್ತಾರೆ. ಬಹಳ ಮೀಟರುಗಳಲ್ಲಿ 3200 ಎಂದಿರುತ್ತದೆ, ಕೆಲವದರಲ್ಲಿ 1600. ನಿಮ್ಮದು 3200 ಆದರೆ, 1125 ಎಂಬ ಸಂಖ್ಯೆಯನ್ನು ಎರಡು ಮಿನುಗುಗಳ ನಡುವಿನ ಸೆಕೆಂಡಿನಿಂದ ಭಾಗಿಸಿ. ಬಂದ ಉತ್ತರ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟು. 1600 ಆದರೆ 2250ನ್ನು ಭಾಗಿಸಬೇಕು. ಗೀಸರು ಹಾಕಿದಾಗ ನೋಡಿ, ಚುಕ್ಕೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಕಣ್ಣು ಹೊಡೆಯುತ್ತದೆ. ಒಂದೇ ಒಂದು 9 ವ್ಯಾಟಿನ ಬಲ್ಬು ಮಾತ್ರ ಉರಿಯುತ್ತಿದ್ದರೆ ಎರಡು ನಿಮಿಷಕ್ಕೊಮ್ಮೆ.

ನಮ್ಮ ಮನೆಯಲ್ಲಿ ಫ್ರಿಜ್ಜು, ಫ್ಯಾನು, ದೀಪ ಎಲ್ಲ ಆರಿಸಿ, ‘ಈಗ ಮನೆಯಲ್ಲಿ ಏನೂ ಓಡುತ್ತಿಲ್ಲ’ ಎಂದುಕೊಂಡು ಗಡಿಯಾರ ಹಿಡಿದು ನಿಂತೆ. ಚುಕ್ಕೆ ಇಪ್ಪತ್ತೈದು ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು. ಅಂದರೆ 45 ವ್ಯಾಟ್. ಯುಪಿಎಸ್ಸಿನ ಪ್ಲಗ್ಗು ಕಿತ್ತ ಮೇಲೆ ನಡುವಿನ ಅಂತರ ಐವತ್ತನಾಲ್ಕು ಸೆಕೆಂಡಿಗೆ ಹೋಯಿತು. ಟಿವಿಯ ಸೆಟ್‌ಟಾಪ್ ಬಾಕ್ಸನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿದಾಗ ಸುಮಾರು ನೂರ ಹತ್ತು ಸೆಕೆಂಡು. ಉಳಿದದ್ದು ವೈಫೈ ಡಬ್ಬಿ. ಯಾರೂ ಏನೂ ಉಪಯೋಗಿಸದ ಹೊತ್ತಿನಲ್ಲಿ ಸುಮ್ಮನೆ ಸೋರುತ್ತಿದ್ದ ಆ 45 ವ್ಯಾಟು ತಿಂಗಳಿಗೆ 32 ಯೂನಿಟ್, ಇನ್ನೂರು ರೂಪಾಯಿಗೂ ಮೇಲೆ. ಹಜಾರದ ಬಲ್ಬನ್ನು ಹಗಲೂ ರಾತ್ರಿ ಆರಿಸದೇ ಬಿಟ್ಟರೂ ತಿಂಗಳಿಗೆ ಆರೂವರೆ ಯೂನಿಟ್ ಅಷ್ಟೇ.

ಇವುಗಳಲ್ಲಿ ಯುಪಿಎಸ್ ವಿಚಾರ ಯೋಚನೆ ಮಾಡುವಂಥದ್ದು. ಲೋಡ್‌ಶೆಡ್ಡಿಂಗಿನ ಕಾಲದಲ್ಲಿ ಕೊಂಡದ್ದು, ಈಗಲೂ ಬ್ಯಾಟರಿಗೆ ನೀರು ಹಾಕುತ್ತ ಸಾಕಿಕೊಂಡು ಬಂದಿದ್ದೇವೆ. ಬ್ಯಾಟರಿ ಹಳೆಯದಾದಷ್ಟೂ ಅದು ತುಂಬಿತು ಎಂಬುದೇ ಇಲ್ಲ. ದಿನವಿಡೀ ಚಾರ್ಜ್ ಎಳೆಯುತ್ತಲೇ ಇರುತ್ತದೆ, ಎಳೆದದ್ದರಲ್ಲಿ ಒಂದಷ್ಟು ಬರೀ ಬಿಸಿಯಾಗಿ ಹೋಗುತ್ತದೆ. ಕರೆಂಟು ಹೋಗುವುದು ಅಪರೂಪವಾಗಿರುವ ಬಡಾವಣೆಯಲ್ಲಿ ಇದು ಇನ್ನೂ ಬೇಕೆ, ಬೇಕಿದ್ದರೆ ಮನೆಗೆಲ್ಲ ಬೇಕೆ, ಬರೀ ವೈಫೈಗೆ ಒಂದು ಪುಟ್ಟ ಬ್ಯಾಟರಿ ಸಾಲದೆ ಎಂದು ಕೇಳಿಕೊಳ್ಳಬಹುದು. ಮನೆಯಲ್ಲಿ ಆಕ್ಸಿಜನ್ ಯಂತ್ರವೋ ಇನ್ಸುಲಿನ್ನೋ ಇದ್ದರೆ ಕೇಳಿಕೊಳ್ಳಬೇಡಿ.

ಎಲ್ಲ ಪ್ಲಗ್ಗು ಕಿತ್ತ ಮೇಲೂ ಚುಕ್ಕೆ ಜೋರಾಗಿ ಮಿನುಗುತ್ತಿದ್ದರೆ ಅದು ಉಳಿತಾಯದ ಪ್ರಶ್ನೆಯಲ್ಲ. ಗೋಡೆಯೊಳಗೆ ಎಲ್ಲೋ ವೈರಿಂಗ್ ಸೋರುತ್ತಿರಬಹುದು, ಇಲ್ಲವೇ ಇನ್ನೊಬ್ಬರ ಮನೆಯ ವೈರು ನಿಮ್ಮ ಮೀಟರಿಗೆ ಸೇರಿರಬಹುದು. ಒಂದೇ ಕಟ್ಟಡದಲ್ಲಿ ಮೂರು ಬಾಡಿಗೆ ಮನೆಗಳಿರುವ ಕಡೆ, ಮೆಟ್ಟಿಲ ದೀಪ, ಸಂಪಿನ ಮೋಟಾರು ಯಾರೋ ಒಬ್ಬ ಬಾಡಿಗೆದಾರನ ಮೀಟರಿನಲ್ಲಿ ಓಡುವುದು ಹೊಸದೇನಲ್ಲ. ಒಂದು ಎಚ್‌ಪಿ ಮೋಟಾರು ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಪರೀಕ್ಷೆ ಸುಲಭ. ನಿಮ್ಮ ಮೇನ್ ಸ್ವಿಚ್ಚು ಇಳಿಸಿ, ಮೋಟಾರು ಹಾಕಲು ಹೇಳಿ, ಚುಕ್ಕೆ ನೋಡಿ.

ಬಿಲ್ಲನ್ನು ಶೇ 30–40 ಇಳಿಸುತ್ತೇವೆಂದು ಐನೂರು, ಸಾವಿರಕ್ಕೆ ‘ಪವರ್ ಸೇವರ್’ ಎಂಬ ಬಿಳಿ ಡಬ್ಬಿ ಮಾರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಒಂದು ಕೆಪಾಸಿಟರು, ಒಂದು ಹಸಿರು ದೀಪ. ಕೆಪಾಸಿಟರು ಪವರ್ ಫ್ಯಾಕ್ಟರ್ ಸರಿಮಾಡುವುದು ನಿಜ, ಕಾರ್ಖಾನೆಗಳಿಗೆ ಅದು ಬೇಕು. ಮನೆಯ ಮೀಟರು ಎಣಿಸುವುದು ನಿಜವಾಗಿ ಖರ್ಚಾದ ಯೂನಿಟ್ಟನ್ನು ಮಾತ್ರ, ಅಲ್ಲಿ ಆ ಡಬ್ಬಿ ಉಳಿಸುವುದು ಏನೂ ಇಲ್ಲ. ಹಸಿರು ದೀಪಕ್ಕೆ ತಗಲುವ ಕರೆಂಟು ಮೇಲುಖರ್ಚು.

ಇನ್ನೂರರ ಗೆರೆ

ನಮ್ಮ ರಾಜ್ಯದಲ್ಲಿ ಈ ಲೆಕ್ಕವನ್ನೆಲ್ಲ ಬೇರೆಯೇ ದಾರಿಗೆ ತಿರುಗಿಸಿದ್ದು ಗೃಹಜ್ಯೋತಿ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ನಿಮ್ಮ ಉಚಿತದ ಪಾಲು. ಅದನ್ನು ಮೀರಿ, ಇನ್ನೂರರ ಒಳಗಿದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ದುಡ್ಡು. ಹಳೆಯ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53ರ ಮೇಲೆ ಶೇ 10 ಸೇರಿಸಿ 58 ಯೂನಿಟ್ ನಿಗದಿ ಮಾಡಿದರು. ತೀರಾ ಕಡಿಮೆ, ಅಂದರೆ 48 ಯೂನಿಟ್‌ನೊಳಗೆ ಬಳಸುತ್ತಿದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು 2024ರ ಆರಂಭದಲ್ಲಿ ತಿದ್ದಿದರು.

ಇದರ ವಿಚಿತ್ರ ನೋಡಿ. ಆ ವರ್ಷ ಹಿಡಿತದಿಂದ ತಿಂಗಳಿಗೆ 60 ಯೂನಿಟ್ ಬಳಸಿದ ಮನೆಗೆ 66 ಯೂನಿಟ್ ಉಚಿತ. ಗೀಸರು ಆರಿಸದೆ, ಹಳೇ ಫ್ರಿಜ್ಜು ಓಡಿಸಿಕೊಂಡು 170 ಬಳಸಿದ ಪಕ್ಕದ ಮನೆಗೆ 187. ಸರ್ಕಾರದ ಖಜಾನೆಯ ಲೆಕ್ಕಕ್ಕೆ ಇದು ಸಲೀಸು ಇರಬಹುದು. ಮಿತವಾಗಿ ಬದುಕಿದವನ ಕಣ್ಣಿಗೆ ಮಾತ್ರ ಇದು ನ್ಯಾಯವಾಗಿ ಕಾಣುವುದು ಕಷ್ಟ.

ಇನ್ನೂರರ ಗೆರೆ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ತಲೆಮೇಲೆ. 2025–26ರ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಪಿಂಚಣಿ–ಗ್ರಾಚ್ಯುಟಿಯ ಬಾಬತ್ತು 36 ಪೈಸೆ, ಶೇ 9 ತೆರಿಗೆ, ಅದರ ಮೇಲೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ. ಮೂರು ಕಿಲೋವ್ಯಾಟಿನ ಮನೆ 201 ಯೂನಿಟ್ ಬಳಸಿದರೆ ಸುಮಾರು 1,775 ರೂಪಾಯಿ. ಇಂಧನ ಹೊಂದಾಣಿಕೆ ಶುಲ್ಕ ಬೇರೆ. 190 ಉಚಿತವಿರುವ ಮನೆ 200ಕ್ಕೇ ನಿಂತಿದ್ದರೆ ಕಟ್ಟಬೇಕಾದದ್ದು ಎಪ್ಪತ್ತರ ಆಸುಪಾಸು. ಒಂದು ಯೂನಿಟ್ಟಿಗೆ ಸಾವಿರದ ಏಳುನೂರು! ಹಾಗಾಗಿ 180ರಿಂದ 220ರ ನಡುವೆ ತೂಗಾಡುವ ಮನೆಗಳಿಗೆ ಉಳಿತಾಯದಿಂದ ಸಿಗುವಷ್ಟು ಲಾಭ ಇನ್ನಾರಿಗೂ ಸಿಗುವುದಿಲ್ಲ. ಮೀಟರ್ ರೀಡರು ಓದಿ ಹೋದ ದಿನದ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಇಪ್ಪತ್ತನೇ ದಿನ ಮತ್ತೆ ನೋಡಿ. 133 ದಾಟಿದ್ದರೆ ಉಳಿದ ಹತ್ತು ದಿನ ಷವರು ಬಂದ್. ಇಂಥ ಮನೆಗೆ ಒಂದು ಬಿಎಲ್‌ಡಿಸಿ ಫ್ಯಾನಿನ ಬೆಲೆ ಒಂದೆರಡೇ ತಿಂಗಳಲ್ಲಿ ಹುಟ್ಟಬಹುದು. ಎಂಬತ್ತು ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಗೆ ಅದೇ ಫ್ಯಾನು ಒಂದು ಪೈಸೆಯನ್ನೂ ಉಳಿಸಿಕೊಡುವುದಿಲ್ಲ.

ತಾರಸಿಯ ಮೇಲೆ ಸೋಲಾರ್ ಕರೆಂಟು ಮಾಡಿಕೊಳ್ಳುವ ಉತ್ಸಾಹಕ್ಕೂ ಈ ಸೊನ್ನೆ ಬಿಲ್ಲು ಅಡ್ಡ ನಿಂತಿದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಒಂದು ಕಿಲೋವ್ಯಾಟಿನ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಬಿಲ್ಲೇ ಬಾರದವನು ಲಕ್ಷಕ್ಕೂ ಹೆಚ್ಚು ದುಡ್ಡು ಸುರಿದು ಅದನ್ನು ಏಕೆ ಹಾಕಿಸುತ್ತಾನೆ? ತಿಂಗಳಿಗೆ ಮುನ್ನೂರು ಯೂನಿಟ್ ದಾಟುವ, ಸ್ವಂತ ತಾರಸಿ ಇರುವವರಿಗೆ ಅದು ಒಳ್ಳೆಯ ಲೆಕ್ಕ. ಆದರೆ ಮೊದಲು ಮೀಟರಿನ ಮುಂದೆ ನಿಂತು ಸೋರಿಕೆ ನಿಲ್ಲಿಸಿ, ಆಮೇಲೆ ಎಷ್ಟು ಫಲಕ ಬೇಕು ಎಂದು ಎಣಿಸಬೇಕು.

ಕೊನೆಗೆ ಬಿಲ್ಲಿನ ಆ ನಿಗದಿತ ಶುಲ್ಕ. ಎಷ್ಟು ದೀಪ ಆರಿಸಿದರೂ ಅದು ಇಳಿಯುವುದಿಲ್ಲ. ಮನೆ ಕಟ್ಟಿಸುವಾಗ ಎಲೆಕ್ಟ್ರಿಷಿಯನ್ ‘ಇರಲಿ ಸಾರ್, ಮುಂದೆ ಏಸಿ ಹಾಕಿಸ್ತೀರಿ’ ಎಂದು ಐದು ಕಿಲೋವ್ಯಾಟ್ ಬರೆಸಿರುತ್ತಾನೆ. ಏಸಿ ಬರಲೇ ಇಲ್ಲ, ತಿಂಗಳಿಗೆ 725 ರೂಪಾಯಿ ಮಾತ್ರ ಹೋಗುತ್ತಲೇ ಇದೆ. ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ ಎಂಬ ಒಂದು ಅಂಕಿ ಇರುತ್ತದೆ, ಎಂ.ಡಿ. ಎಂದು ಬರೆದಿರುತ್ತಾರೆ. ಅದು ಸದಾ ಎರಡೂವರೆಯೊಳಗೇ ಇದ್ದರೆ, ಆರ್‌ಆರ್ ನಂಬರು ಬರೆದು ಲೋಡ್ ಇಳಿಸಿಕೊಡಿ ಎಂದು ಸಬ್‌ಡಿವಿಜನ್ ಕಚೇರಿಗೆ ಅರ್ಜಿ ಕೊಡಬಹುದು. ಐದರಿಂದ ಮೂರಕ್ಕೆ ಇಳಿದರೆ ವರ್ಷಕ್ಕೆ 3,480 ರೂಪಾಯಿ. ಅರ್ಜಿ ಬರೆಯುವ ಮುಂಚೆ ಒಂದು ವರ್ಷದ ಬಿಲ್ಲುಗಳನ್ನು ಹರಡಿಕೊಂಡು ಆ ಅಂಕಿ ನೋಡಿ. ಚಳಿಗಾಲದ್ದೂ ಮಾರ್ಚ್–ಏಪ್ರಿಲಿನದೂ ಅದರಲ್ಲಿ ಇರಲೇಬೇಕು. ಬೆಳಿಗ್ಗೆ ಏಳೂವರೆಗೆ ಗೀಸರು, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಮೂರೂ ಒಟ್ಟಿಗೆ ಓಡುವ ಮನೆಯವರು ಮಾತ್ರ ಈ ಅರ್ಜಿಯ ತಂಟೆಗೆ ಹೋಗಬೇಡಿ. ಲೋಡ್ ಮೀರಿದೆ ಎಂದು ಮತ್ತೆ ನೋಟಿಸು ಬಂದು, ಏರಿಸಲು ಠೇವಣಿ ಕಟ್ಟುವ ಹೊತ್ತಿಗೆ ಉಳಿಸಿದ್ದಷ್ಟೂ ಅಲ್ಲಿಗೇ ಹೋಗಿರುತ್ತದೆ.